ಸಂಜೆಯಾದರೆ ಜಾರುವ ರೆಪ್ಪೆ: ನರ ಮತ್ತು ಸ್ನಾಯುವಿನ ನಡುವಿನ ಸಂದಿನಲ್ಲಿ ನಡೆಯುವುದೇನು?

ನಮ್ಮ ಅತ್ತೆಗೆ ಬೆಳಿಗ್ಗೆ ಏನೂ ತೊಂದರೆ ಇರುತ್ತಿರಲಿಲ್ಲ. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮನೆಮಂದಿಗೆಲ್ಲ ರೊಟ್ಟಿ ತಟ್ಟುತ್ತಿದ್ದರು. ಸಂಜೆ ಆಗುತ್ತಾ ಬಂದ ಹಾಗೆ ಎಡಗಣ್ಣಿನ ರೆಪ್ಪೆ ಕೆಳಗೆ ಜಾರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತಿತ್ತು. ಒಂದು ಕೈಯಲ್ಲಿ ಗದ್ದ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದರು.

"ನಿದ್ದೆ ಬಂತಾ ಅತ್ತೆ?" ಅಂದರೆ, "ನಿದ್ದೆ ಅಲ್ಲ ಕಣೋ, ರೆಪ್ಪೆ ಮೇಲೇಳ್ತಾ ಇಲ್ಲ" ಅನ್ನುತ್ತಿದ್ದರು.

ಕೆಲಸ ಜಾಸ್ತಿ, ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡೆವು. ಎರಡು ಸಲ ಕನ್ನಡಕ ಬದಲಾಯಿತು. ಕೊನೆಗೆ ಒಬ್ಬ ನರತಜ್ಞರು ಅವರಿಗೆ ಒಂದು ನಿಮಿಷ ರೆಪ್ಪೆ ಮಿಟುಕಿಸದೆ ಮೇಲೆ ನೋಡುತ್ತಿರಿ ಎಂದರು. ನೋಡುತ್ತಿದ್ದ ಹಾಗೆಯೇ ರೆಪ್ಪೆ ಇಳಿಯಿತು. ಆಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ ಆ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಎದ್ದಿತ್ತು! ಕಾಯಿಲೆಯ ಹೆಸರು ಮಯಾಸ್ತೇನಿಯಾ ಗ್ರೇವಿಸ್ ಎಂದು ಅವರು ಹೇಳಿದರು.

ಐಸ್ ಇಟ್ಟರೆ ರೆಪ್ಪೆ ಯಾಕೆ ಏಳಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮೆಲ್ಲರ ಮೈಯಲ್ಲೂ ಇರುವ ಒಂದು ಸಣ್ಣ ಜಾಗ. ನರ ಮುಗಿದು ಸ್ನಾಯು ಶುರುವಾಗುವ ಜಾಗ.

ನರ ಎಂದರೆ ಕರೆಂಟ್ ವೈರಿನ ಹಾಗೆ ಎಂದು ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಬೆನ್ನುಹುರಿಯಿಂದ ಹೊರಟ ನರದ ಎಳೆಯಲ್ಲಿ ವಿದ್ಯುತ್ತಿನ ಅಲೆಯೊಂದು ಓಡುವುದು ನಿಜ. ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಅದು ಕೈಬೆರಳಿನ ಕಡೆಗೆ ಹೋಗುತ್ತದೆ. ಆದರೆ ಆ ವೈರು ಸ್ನಾಯುವನ್ನು ಮುಟ್ಟುವುದೇ ಇಲ್ಲ. ನಡುವೆ ಸುಮಾರು 50 ನ್ಯಾನೋಮೀಟರ್ ಸಂದು ಇದೆ. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಸಾವಿರ ಸಂದುಗಳನ್ನು ಪಕ್ಕಪಕ್ಕ ಇಡಬಹುದು. ಅಷ್ಟು ಕಿರಿದಾದರೂ ವಿದ್ಯುತ್ತು ಅದನ್ನು ದಾಟಲಾರದು. ಅಲ್ಲಿಂದ ಮುಂದೆ ಸಂದೇಶ ಹೋಗುವುದು ಒಂದು ರಾಸಾಯನಿಕದ ಮೂಲಕ. ಅದರ ಹೆಸರು ಅಸಿಟೈಲ್‌ಕೋಲಿನ್. ನರದಿಂದ ನರಕ್ಕೆ, ನರದಿಂದ ಅಂಗಕ್ಕೆ ಸಂದೇಶ ಹೀಗೆ ರಾಸಾಯನಿಕವಾಗಿ ದಾಟುತ್ತದೆ ಎಂದು ತೋರಿಸಿದ್ದಕ್ಕೆ ಹೆನ್ರಿ ಡೇಲ್ ಮತ್ತು ಒಟ್ಟೊ ಲೋವಿ ಅವರಿಗೆ 1936ರಲ್ಲಿ ನೊಬೆಲ್ ಬಂತು.

ಅಸಿಟೈಲ್‌ಕೋಲಿನ್ ಒಂದು ಸರಳ ಅಣು. ಅದಕ್ಕೆ ತಾನಾಗಿ ಏನೂ ಗೊತ್ತಿಲ್ಲ. ಯಾವಾಗ ಹೊರಡಬೇಕು, ಎಷ್ಟು ಹೊರಡಬೇಕು, ಎಲ್ಲಿ ತಲುಪಬೇಕು, ಯಾವಾಗ ನಿಲ್ಲಬೇಕು, ಇದೆಲ್ಲವನ್ನೂ ನಡೆಸುವುದು ಪ್ರೋಟೀನುಗಳು. ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ ನೆನಪಾಗುತ್ತದೆ ಅಲ್ವಾ? ಇಲ್ಲಿ ಹೇಳುತ್ತಿರುವುದು ಜೀವಕೋಶಗಳು ತಮಗಾಗಿ ತಾವೇ ಮಾಡಿಕೊಳ್ಳುವ ಸಣ್ಣ ಯಂತ್ರಗಳ ಬಗ್ಗೆ. ಆಕಾರ ಬದಲಿಸುವುದೇ ಅವುಗಳ ಕೆಲಸ.

ನರದ ತುದಿಯಿಂದ ಶುರು ಮಾಡೋಣ. ಅಲ್ಲಿ ಅಸಿಟೈಲ್‌ಕೋಲಿನ್ ತುಂಬಿದ ಪುಟ್ಟ ಪುಟ್ಟ ಚೀಲಗಳಿವೆ. ಒಂದೊಂದರಲ್ಲೂ ಸಾವಿರಾರು ಅಣುಗಳು. ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಪಾಲ್ ಫ್ಯಾಟ್ 1950ರ ಸುಮಾರಿಗೆ ಕಪ್ಪೆಯ ಸ್ನಾಯುವಿನಲ್ಲಿ ವಿದ್ಯುತ್ ಅಳೆಯುವ ತೀರಾ ಸಣ್ಣ ಮೊನೆಯೊಂದನ್ನು ಇಟ್ಟು ನೋಡುತ್ತಿದ್ದರು. ನರವನ್ನು ಯಾರೂ ಮುಟ್ಟದೆ ಇದ್ದಾಗಲೂ ಆಗೊಮ್ಮೆ ಈಗೊಮ್ಮೆ ಸಣ್ಣ ಮಿಡಿತ ಕಾಣುತ್ತಿತ್ತು. ಎಲ್ಲ ಮಿಡಿತಗಳೂ ಹೆಚ್ಚುಕಡಿಮೆ ಒಂದೇ ಅಳತೆ. ನರಕ್ಕೆ ನಿಜವಾದ ಸಂದೇಶ ಬಂದಾಗ ಇಂಥ ಅನೇಕ ಮಿಡಿತಗಳು ಒಟ್ಟಿಗೆ ಸೇರಿ ಒಂದು ದೊಡ್ಡ ಅಲೆಯಾಗುತ್ತಿದ್ದವು. ಅಸಿಟೈಲ್‌ಕೋಲಿನ್ ನಲ್ಲಿಯ ನೀರಿನ ಹಾಗೆ ಸುರಿಯುವುದಿಲ್ಲ, ಪೊಟ್ಟಣ ಕಟ್ಟಿಕೊಂಡು ಬರುತ್ತದೆ ಎಂದು ಕಾಟ್ಜ್ ತಿಳಿದುಕೊಂಡಿದ್ದು ಹೀಗೆ. ಸುಮ್ಮನಿದ್ದಾಗ ಬರುವ ಆ ಸಣ್ಣ ಮಿಡಿತವನ್ನು ಅಳತೆಯ ತಪ್ಪು ಎಂದು ತಳ್ಳಿಹಾಕದೆ ಕೂತು ನೋಡಿದ ಅವರ ತಾಳ್ಮೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಈಗ ವಿದ್ಯುತ್ತಿನ ಅಲೆ ನರದ ತುದಿಗೆ ಬಂತು ಎನ್ನಿ. ತುದಿಯ ಪೊರೆಯಲ್ಲಿ ಕ್ಯಾಲ್ಸಿಯಂ ಒಳಗೆ ಬಿಡುವ ಪ್ರೋಟೀನುಗಳು ಸಾಲಾಗಿ ನಿಂತಿವೆ. ಕೆರೆಯ ತೂಬು ಇದ್ದ ಹಾಗೆ. ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಇರುತ್ತದೆ. ತೂಬು ಎತ್ತಿದರೆ ಸಾಕು, ನುಗ್ಗುತ್ತದೆ. ವಿದ್ಯುತ್ ಅಲೆಯೇ ಈ ತೂಬನ್ನು ಎತ್ತುವ ಕೈ.

ಕ್ಯಾಲ್ಸಿಯಂಗಾಗಿ ಕಾಯುತ್ತಿರುವ ಪ್ರೋಟೀನಿನ ಹೆಸರು ಸಿನಾಪ್ಟೊಟ್ಯಾಗ್ಮಿನ್. ಅದು ಚೀಲದ ಮೇಲೆಯೇ ಕೂತಿರುತ್ತದೆ. ಚೀಲವನ್ನು ಒಡೆದು ಸುರಿಯುವ ಕೆಲಸ ಮಾತ್ರ ಇನ್ನೊಂದು ಗುಂಪಿನದು. ಅದನ್ನು ಸ್ನೇರ್ ಪ್ರೋಟೀನುಗಳು ಎನ್ನುತ್ತಾರೆ. ಚೀಲದ ಮೇಲೆ ಒಂದು, ಸಿನಾಪ್ಟೊಬ್ರೆವಿನ್. ನರದ ತುದಿಯ ಪೊರೆಯ ಮೇಲೆ ಎರಡು, ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಈ ಮೂರೂ ಸೇರಿ ನಾಲ್ಕು ಎಳೆಗಳ ಹಗ್ಗ ಹೊಸೆಯುತ್ತವೆ. ಹಗ್ಗ ಒಂದು ತುದಿಯಿಂದ ಹೊಸೆದುಕೊಳ್ಳುತ್ತಾ ಬಂದ ಹಾಗೆ ಚೀಲವೂ ಪೊರೆಯೂ ಹತ್ತಿರ ಹತ್ತಿರ ಬರುತ್ತವೆ. ಕೊನೆಯ ಸುತ್ತು ಬಿಗಿಯಾದಾಗ ಎರಡೂ ಬೆಸೆದು ಒಂದಾಗುತ್ತವೆ. ಚೀಲದ ಬಾಯಿ ಸಂದಿನ ಕಡೆಗೆ ತೆರೆದುಕೊಳ್ಳುತ್ತದೆ.

ಹಗ್ಗ ಅರ್ಧ ಹೊಸೆದು ನಿಂತ ಚೀಲಗಳು ಮೊದಲೇ ತಯಾರಾಗಿರುತ್ತವೆ. ಅವು ತಮ್ಮಷ್ಟಕ್ಕೆ ಒಡೆಯದ ಹಾಗೆ ಕಾಂಪ್ಲೆಕ್ಸಿನ್ ಎಂಬ ಪ್ರೋಟೀನ್ ಅಗುಳಿ ಹಾಕಿದಂತೆ ಹಿಡಿದಿರುತ್ತದೆ. ಕ್ಯಾಲ್ಸಿಯಂ ಬಂದು ಸಿನಾಪ್ಟೊಟ್ಯಾಗ್ಮಿನ್‌ಗೆ ಅಂಟಿದ ತಕ್ಷಣ ಆ ಹಿಡಿತ ಬಿಡುತ್ತದೆ. ಒಂದು ಮಿಲಿಸೆಕೆಂಡಿನೊಳಗೆ ಹತ್ತಾರು ಚೀಲಗಳು ಖಾಲಿ. ಇಷ್ಟು ಬೇಗ ಆಗುವುದು ಯಾಕೆಂದರೆ ಕೆಲಸದ ಬಹುಪಾಲು ಸಂದೇಶ ಬರುವ ಮೊದಲೇ ಮುಗಿದಿರುತ್ತದೆ. ಚೀಲಗಳ ಈ ಸಾಗಾಟದ ವ್ಯವಸ್ಥೆಯನ್ನು ಬಿಡಿಸಿಟ್ಟ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್ಮನ್, ಥಾಮಸ್ ಸೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಸಿಕ್ಕಿತು.

ಈ ಹಗ್ಗದ ಎಳೆಯೊಂದನ್ನು ಕತ್ತರಿಸಿದರೆ? ಬೊಟುಲಿನಂ ವಿಷ ಮಾಡುವುದು ಅದನ್ನೇ. ಸರಿಯಾಗಿ ಸಂಸ್ಕರಿಸದ ಡಬ್ಬಿ ಆಹಾರದಲ್ಲಿ ಬೆಳೆಯಬಲ್ಲ ಒಂದು ಬ್ಯಾಕ್ಟೀರಿಯಾ ಈ ವಿಷವನ್ನು ಮಾಡುತ್ತದೆ. ಅದರ ಎ ಬಗೆ ಸ್ನ್ಯಾಪ್-25 ಅನ್ನು ತುಂಡು ಮಾಡುತ್ತದೆ. ಬಿ ಬಗೆ ಸಿನಾಪ್ಟೊಬ್ರೆವಿನ್ ಅನ್ನು. ಚೀಲಗಳಿರುತ್ತವೆ, ಕ್ಯಾಲ್ಸಿಯಂ ಬರುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಸ್ನಾಯು ಸಡಿಲವಾಗಿ ಬಿದ್ದುಬಿಡುತ್ತದೆ. ಮುಖದ ಸುಕ್ಕಿಗೆಂದು ಹಾಕಿಸಿಕೊಳ್ಳುವ ಬೊಟಾಕ್ಸ್ ಇದೇ ಎ ಬಗೆಯ ವಿಷದ ಅತಿ ಸಣ್ಣ ಪ್ರಮಾಣ.

ಧನುರ್ವಾಯುವಿನ ವಿಷವೂ ಸಿನಾಪ್ಟೊಬ್ರೆವಿನ್ ಅನ್ನೇ ಕತ್ತರಿಸುತ್ತದೆ. ಆದರೆ ಧನುರ್ವಾಯುವಿನಲ್ಲಿ ಮೈ ಸಡಿಲವಾಗುವುದಿಲ್ಲ, ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತದೆ. ಅದೇ ಪ್ರೋಟೀನ್, ಅದೇ ಕತ್ತರಿ, ಫಲ ಪೂರ್ತಿ ಉಲ್ಟಾ! ಕಾರಣ ಜಾಗ. ಧನುರ್ವಾಯುವಿನ ವಿಷ ಗಾಯದ ಹತ್ತಿರದ ನರವನ್ನು ಹಿಡಿದು ಬೆನ್ನುಹುರಿಯವರೆಗೆ ಹತ್ತಿ ಹೋಗುತ್ತದೆ. ಅಲ್ಲಿ ಸ್ನಾಯುವಿಗೆ 'ಸಾಕು, ನಿಲ್ಲು' ಎಂದು ಹೇಳಿಸುವ ನರಕೋಶಗಳ ಬಾಯಿ ಕಟ್ಟುತ್ತದೆ. ತಡೆಯುವವರಿಲ್ಲದ ಸ್ನಾಯು ಬಿಗಿಯುತ್ತಲೇ ಹೋಗುತ್ತದೆ.

ಇನ್ನು ಸಂದಿನ ಆಚೆ ದಡ. ಸ್ನಾಯುವಿನ ಪೊರೆ ಅಲ್ಲಿ ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿದೆ. ನೆರಿಗೆಗಳ ಅಂಚಿನಲ್ಲಿ ಅಸಿಟೈಲ್‌ಕೋಲಿನ್ ಹಿಡಿಯುವ ರಿಸೆಪ್ಟರುಗಳು ಒತ್ತೊತ್ತಾಗಿ ತುಂಬಿವೆ. ಒಂದು ಚದರ ಮೈಕ್ರಾನಿನಲ್ಲಿ ಸುಮಾರು 10,000! ಒಂದೊಂದು ರಿಸೆಪ್ಟರೂ ಐದು ತುಂಡುಗಳು ಸೇರಿ ಆದ ಕೊಳವೆ. ಎರಡು ಅಸಿಟೈಲ್‌ಕೋಲಿನ್ ಅಣುಗಳು ಬಂದು ಅಂಟಿಕೊಂಡರೆ ಕೊಳವೆ ತೆರೆಯುತ್ತದೆ. ಸೋಡಿಯಂ ಒಳಗೆ ಹರಿಯುತ್ತದೆ. ಸ್ನಾಯುವಿನಲ್ಲಿ ಹೊಸದಾಗಿ ವಿದ್ಯುತ್ ಅಲೆ ಏಳುತ್ತದೆ, ಸ್ನಾಯು ಕುಗ್ಗುತ್ತದೆ.

ಈ ರಿಸೆಪ್ಟರನ್ನು ವಿಜ್ಞಾನಿಗಳು ಕೈಗೆ ಹಿಡಿದದ್ದು ಹಾವಿನ ಸಹಾಯದಿಂದ. ನಮ್ಮ ಹೊಲಗಳಲ್ಲಿ ಕಾಣುವ ಕಟ್ಟುಹಾವಿನ ಕುಲಕ್ಕೆ ವಿಜ್ಞಾನದಲ್ಲಿ ಬಂಗಾರಸ್ ಎಂದು ಹೆಸರು. ತೆಲುಗಿನ 'ಬಂಗಾರು' ಎಂಬ ಪದದಿಂದ ಬಂದದ್ದು. ನಮ್ಮ ಬಂಗಾರವೇ ಅದು. ಅದೇ ಕುಲದ ತೈವಾನಿನ ಹಾವೊಂದರ ವಿಷದಿಂದ 1963ರಲ್ಲಿ ಅಲ್ಲಿನ ವಿಜ್ಞಾನಿಗಳು ಬೇರೆ ಮಾಡಿದ ಪ್ರೋಟೀನುಗಳಲ್ಲಿ ಒಂದರ ಹೆಸರು ಆಲ್ಫಾ ಬಂಗಾರೋಟಾಕ್ಸಿನ್. ಅದು ಈ ರಿಸೆಪ್ಟರಿಗೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಅದಕ್ಕೆ ವಿಕಿರಣದ ಗುರುತು ಹಚ್ಚಿದರೆ ಒಂದು ಸ್ನಾಯುವಿನಲ್ಲಿ ಎಷ್ಟು ರಿಸೆಪ್ಟರುಗಳಿವೆ ಎಂದು ಎಣಿಸಬಹುದು. 1973ರಲ್ಲಿ ಅಮೆರಿಕದಲ್ಲಿ ಮಯಾಸ್ತೇನಿಯಾ ಇದ್ದವರ ಸ್ನಾಯುಗಳಲ್ಲಿ ಹೀಗೆ ಎಣಿಸಿ ನೋಡಿದರು. ಶೇ 70ಕ್ಕಿಂತ ಹೆಚ್ಚು ರಿಸೆಪ್ಟರುಗಳು ಕಾಣೆಯಾಗಿದ್ದವು. ಅದೇ ವರ್ಷ ಇನ್ನೊಂದು ಪ್ರಯೋಗಾಲಯದಲ್ಲಿ ವಿದ್ಯುತ್ ಈಲ್ ಮೀನಿನಿಂದ ತೆಗೆದ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದ್ದರು. ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡ ಮೊಲಗಳ ಸ್ನಾಯುಗಳು ಸೋತವು. ಅತ್ತೆಯ ಕಾಯಿಲೆಯ ಗುಟ್ಟು ಬಿಚ್ಚಿಕೊಂಡಿದ್ದು ಆಗ. ರೋಗಾಣುವಿನ ಮೇಲೆ ಹೋಗಬೇಕಾದ ಪ್ರತಿಕಾಯಗಳು ಸ್ವಂತ ರಿಸೆಪ್ಟರುಗಳ ಮೇಲೆಯೇ ಬೀಳುತ್ತವೆ. ಕೆಲವನ್ನು ಮುಚ್ಚುತ್ತವೆ. ಕೆಲವನ್ನು ಒಂದಕ್ಕೊಂದು ಕಟ್ಟಿ, ಕೋಶ ಅವನ್ನು ಎರಡು ಮೂರು ಪಟ್ಟು ಬೇಗ ಒಳಗೆಳೆದು ನಾಶ ಮಾಡುವ ಹಾಗೆ ಮಾಡುತ್ತವೆ. ನೆರಿಗೆಗಳನ್ನೇ ಹಾಳು ಮಾಡುತ್ತವೆ.

ಹಾಗಾದರೆ ಬೆಳಿಗ್ಗೆ ಸರಿ, ಸಂಜೆ ಸೋಲು ಯಾಕೆ? ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಭಾಗ ಇದು. ನಮ್ಮ ಮೈ ಈ ಸಂದನ್ನು ಕೈಬಿಚ್ಚಿ ಕಟ್ಟಿದೆ. ಸ್ನಾಯು ಕುಗ್ಗಲು ಎಷ್ಟು ಬೇಕೋ ಅದರ ಹಲವು ಪಟ್ಟು ಸಂದೇಶ ಪ್ರತಿಸಲ ಬರುತ್ತದೆ. ಒಂದೇ ಸ್ನಾಯುವನ್ನು ಮತ್ತೆ ಮತ್ತೆ ಬಳಸಿದರೆ ತಯಾರಾಗಿದ್ದ ಚೀಲಗಳು ಖರ್ಚಾಗಿ, ಪ್ರತಿಸಲ ಒಡೆಯುವ ಚೀಲಗಳ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ಇದು ನಿಮಗೂ ಆಗುತ್ತದೆ, ನನಗೂ ಆಗುತ್ತದೆ. ಮಿಗತೆ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಅತ್ತೆಗೆ ರಿಸೆಪ್ಟರುಗಳು ಕಡಿಮೆ, ಹಾಗಾಗಿ ಆ ಮಿಗತೆ ಇಲ್ಲ. ಮೊದಲ ತುತ್ತಿಗೆ ಸಾಲುತ್ತದೆ, ನಾಲ್ಕನೆಯದಕ್ಕೆ ಸಾಲುವುದಿಲ್ಲ. ವಿಶ್ರಾಂತಿ ಕೊಟ್ಟರೆ ಚೀಲಗಳು ತುಂಬಿಕೊಂಡು ಮತ್ತೆ ಸರಿಯಾಗುತ್ತದೆ. ಅವರು ಸೋಮಾರಿಯಾಗಿರಲಿಲ್ಲ. ಮನಸ್ಸು ಮಾಡಿದ್ದರೆ ಆಗುತ್ತಿತ್ತು ಎನ್ನುವ ಮಾತೇ ಅಲ್ಲ ಅದು. ಪರೀಕ್ಷೆಯಲ್ಲೂ ಇದನ್ನೇ ನೋಡುತ್ತಾರೆ. ನರಕ್ಕೆ ಸೆಕೆಂಡಿಗೆ ಮೂರು ಸಲ ಸಣ್ಣ ಶಾಕ್ ಕೊಟ್ಟು ಸ್ನಾಯುವಿನ ಉತ್ತರ ಹೇಗೆ ಕುಂದುತ್ತದೆ ಎಂದು ಅಳೆಯುತ್ತಾರೆ.

ಇದಕ್ಕೆ ಪೂರ್ತಿ ತಿರುವುಮುರುವಾದ ಕಾಯಿಲೆಯೊಂದಿದೆ, ಲ್ಯಾಂಬರ್ಟ್ ಈಟನ್. ಅದರಲ್ಲಿ ಪ್ರತಿಕಾಯಗಳು ಬೀಳುವುದು ನರದ ತುದಿಯ ಕ್ಯಾಲ್ಸಿಯಂ ತೂಬುಗಳ ಮೇಲೆ. ಅಲ್ಲಿ ಸ್ನಾಯು ಮೊದಲು ದುರ್ಬಲ, ಕೆಲವು ಸೆಕೆಂಡು ಜೋರಾಗಿ ಬಳಸಿದರೆ ಸ್ವಲ್ಪ ಹೊತ್ತು ಬಲ ಬರುತ್ತದೆ. ಸಂದೇಶಗಳು ಬೇಗಬೇಗ ಬಂದಾಗ ಕ್ಯಾಲ್ಸಿಯಂ ಒಳಗೆ ಕೂಡುತ್ತಾ ಹೋಗುತ್ತದಲ್ಲ, ಅದಕ್ಕೆ.

ಈಗ ಐಸಿನ ಪ್ರಶ್ನೆಗೆ ಬರೋಣ. ಸ್ನಾಯುವಿಗೆ ಕುಗ್ಗು ಎಂದು ಹೇಳಿದ ಮೇಲೆ ಆ ಮಾತನ್ನು ಅಳಿಸಲೂ ಬೇಕು. ಇಲ್ಲದಿದ್ದರೆ ಮುಂದಿನ ಮಾತು ಕೇಳುವುದು ಹೇಗೆ? ಸಂದಿನ ನಡುವೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಬೇರೂರಿ ನಿಂತಿದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್‌ಗಳನ್ನು ಒಡೆದು ಹಾಕುತ್ತದೆ. ರಿಸೆಪ್ಟರಿಗೆ ಹೋಗುವ ದಾರಿಯಲ್ಲೇ ಕೆಲವನ್ನು ಮುರಿಯುತ್ತದೆ. ರಿಸೆಪ್ಟರಿನಿಂದ ಕಳಚಿ ಬಂದದ್ದನ್ನು ಇನ್ನೊಂದು ರಿಸೆಪ್ಟರ್ ಹಿಡಿಯುವ ಮೊದಲೇ ಮುರಿಯುತ್ತದೆ. ಈ ಕಿಣ್ವ ಚಳಿಯಲ್ಲಿ ನಿಧಾನವಾಗುತ್ತದೆ. ಐಸ್ ಇಟ್ಟಾಗ ಅತ್ತೆಯ ರೆಪ್ಪೆಯಲ್ಲಿ ಆಗಿದ್ದು ಮುಖ್ಯವಾಗಿ ಅದು. ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಸಂದಿನಲ್ಲಿ ಉಳಿಯಿತು. ಇದ್ದ ಕೆಲವೇ ರಿಸೆಪ್ಟರುಗಳನ್ನು ಮತ್ತೆ ಮತ್ತೆ ಮುಟ್ಟಿತು. ರೆಪ್ಪೆ ಎದ್ದಿತು.

ಇದನ್ನೇ ಔಷಧಿಯಿಂದ ಮೊದಲು ಮಾಡಿ ತೋರಿಸಿದವರು ಮೇರಿ ವಾಕರ್. ಲಂಡನ್ನಿನ ಗ್ರೀನಿಚ್‌ನಲ್ಲಿ ಒಂದು ಸಾಮಾನ್ಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ವಿಷ ಏರಿದವರಿಗೂ ಮಯಾಸ್ತೇನಿಯಾ ಇದ್ದವರಿಗೂ ಹೋಲಿಕೆ ಇದೆ ಎಂದು ಅವರಿಗೆ ಕಂಡಿತು. ಕ್ಯುರಾರೆಯ ಹಿಡಿತ ಬಿಡಿಸುವ ಫೈಸೊಸ್ಟಿಗ್ಮಿನ್ ಅನ್ನೇ 1934ರಲ್ಲಿ ರೋಗಿಗೆ ಕೊಟ್ಟು ನೋಡಿದರು. ಮುಚ್ಚಿದ ಕಣ್ಣು ತೆರೆಯಿತು. ನುಂಗಲು ಸಾಧ್ಯವಾಯಿತು. ಈ ಮದ್ದು ಕಿಣ್ವದ ಕೈ ಕಟ್ಟುತ್ತದೆ. ಇಂದು ರೋಗಿಗಳು ನುಂಗುವ ಪಿರಿಡೊಸ್ಟಿಗ್ಮಿನ್ ಮಾತ್ರೆ ಇದೇ ದಾರಿಯದು.

ಅದೇ ಕಿಣ್ವವನ್ನು ಹಿಡಿತವಿಲ್ಲದೆ ಕಟ್ಟಿಹಾಕಿದರೆ ಪ್ರಾಣಕ್ಕೇ ಅಪಾಯ. ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವ ಎಷ್ಟೋ ಕೀಟನಾಶಕಗಳು ಆರ್ಗನೋಫಾಸ್ಫೇಟ್ ಗುಂಪಿನವು. ಅವು ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಅಸಿಟೈಲ್‌ಕೋಲಿನ್ ಸಂದಿನಲ್ಲಿ ತುಂಬಿ ತುಳುಕುತ್ತದೆ. ಸ್ನಾಯುಗಳು ಮೊದಲು ಅದುರುತ್ತವೆ. ಆಮೇಲೆ ರಿಸೆಪ್ಟರುಗಳು ಉತ್ತರ ಕೊಡುವುದನ್ನೇ ನಿಲ್ಲಿಸುತ್ತವೆ. ಜಾಸ್ತಿಯಾದರೂ ಸೋಲು, ಕಡಿಮೆಯಾದರೂ ಸೋಲು. ಆಸ್ಪತ್ರೆಯಲ್ಲಿ ಕೊಡುವ ಆಟ್ರೊಪಿನ್ ಬಾಯಿಯ ಜೊಲ್ಲು, ಎದೆಯ ಕಫ, ಕುಂದಿದ ಹೃದಯಬಡಿತಗಳನ್ನು ಸರಿಪಡಿಸುತ್ತದೆ. ಸ್ನಾಯುವಿನ ರಿಸೆಪ್ಟರ್ ಬೇರೆ ಬಗೆಯದು, ಅದರ ಮೇಲೆ ಆಟ್ರೊಪಿನ್ ನಡೆಯುವುದಿಲ್ಲ. ವಿಷ ಸೇರಿ ಒಂದೆರಡು ದಿನ ಆದ ಮೇಲೆ, ಚೇತರಿಸಿಕೊಂಡರು ಎಂದು ಎಲ್ಲರೂ ಅಂದುಕೊಂಡಾಗ, ಕತ್ತು ಎತ್ತಲಾಗದೆ ಉಸಿರು ನಿಲ್ಲುವ ಅಪಾಯ ಇರುತ್ತದೆ. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಹೀಗಾಗಿ ಇಂಥ ರೋಗಿಯನ್ನು 'ಹುಷಾರಾದರು' ಎಂದು ಬೇಗ ಮನೆಗೆ ಕರೆತರಬಾರದು.

ಹಾವಿನ ಕಡಿತದಲ್ಲೂ ಸಂದಿನ ಯಾವ ದಡಕ್ಕೆ ಪೆಟ್ಟು ಬಿತ್ತು ಎನ್ನುವುದೇ ಮುಖ್ಯ. ನಾಗರಹಾವಿನ ವಿಷದಲ್ಲಿ ನರಮಂಡಲಕ್ಕೆ ತಾಗುವ ಭಾಗ ಬಹುಪಾಲು ರಿಸೆಪ್ಟರಿನ ಮೇಲೆ ಕೂರುತ್ತದೆ. ಅಲ್ಲಿ ಪ್ರತಿವಿಷದ ಜೊತೆ ನಿಯೊಸ್ಟಿಗ್ಮಿನ್ ಎಂಬ, ಅತ್ತೆಯ ಮಾತ್ರೆಯ ಸೋದರ ಮದ್ದು ಕೆಲಸಕ್ಕೆ ಬರಬಹುದು. ಕಟ್ಟುಹಾವಿನ ವಿಷದಲ್ಲಿ ಬೀಟಾ ಬಂಗಾರೋಟಾಕ್ಸಿನ್ ಇದೆ. ಅದು ನರದ ತುದಿಯನ್ನೇ ಹಾಳು ಮಾಡುತ್ತದೆ. ಹಾಳಾದ ಮೇಲೆ ಪ್ರತಿವಿಷ ಕೊಟ್ಟರೂ ತುದಿ ಮತ್ತೆ ಬೆಳೆಯಲು ಸಮಯ ಬೇಕು. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ನೋವೇ ಗೊತ್ತಾಗದ ಹಾಗೆ ಕಚ್ಚುವ ಹಾವು ಅದು. ಬೆಳಗಿನ ಜಾವ ಎದ್ದಾಗ ಎರಡೂ ರೆಪ್ಪೆ ಜಾರುತ್ತಿದ್ದರೆ, ಕಡಿತದ ಗುರುತು ಕಾಣದಿದ್ದರೂ, ಸೀದಾ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ವಿಷಯ ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ. ಇಷ್ಟೊಂದು ರಿಸೆಪ್ಟರುಗಳು ನರದ ತುದಿಯ ಎದುರಿಗೇ ಬಂದು ಕೂತಿದ್ದು ಹೇಗೆ? ಸ್ನಾಯುವಿನ ಉದ್ದಕ್ಕೂ ಚೆದುರಿರಬಹುದಿತ್ತಲ್ಲ? 1970ರ ದಶಕದ ಕೊನೆಯಲ್ಲಿ ಯು. ಜೆ. ಮೆಕ್‌ಮಹನ್ ಮತ್ತು ಜೊತೆಗಾರರು ಕಪ್ಪೆಯ ಸ್ನಾಯುಕೋಶವನ್ನೂ ನರವನ್ನೂ ನಾಶ ಮಾಡಿದರು. ಕೋಶವನ್ನು ಸುತ್ತುವ ತೆಳು ಹೊದಿಕೆಯನ್ನು ಮಾತ್ರ ಉಳಿಸಿದರು. ಸ್ನಾಯು ಇಲ್ಲದಿದ್ದರೂ ನರ ಮತ್ತೆ ಬೆಳೆದು ಸರಿಯಾಗಿ ಹಳೆಯ ಜಾಗಕ್ಕೇ ಬಂತು. ಇನ್ನೊಂದು ಪ್ರಯೋಗದಲ್ಲಿ ನರ ಬೆಳೆಯಲು ಬಿಡದೆ ಸ್ನಾಯುವನ್ನು ಮಾತ್ರ ಬೆಳೆಯಲು ಬಿಟ್ಟರು. ನರ ಇಲ್ಲದಿದ್ದರೂ ರಿಸೆಪ್ಟರುಗಳು ಅದೇ ಹಳೆಯ ಜಾಗದಲ್ಲಿ ಗುಂಪುಗೂಡಿದವು! ಮನೆ ಬಿದ್ದರೂ ವಿಳಾಸ ಆ ಹೊದಿಕೆಯಲ್ಲಿ ಉಳಿದಿತ್ತು. ರಿಸೆಪ್ಟರುಗಳನ್ನು ಕರೆಯುವ ಆ ವಿಳಾಸವನ್ನು ಬರೆದದ್ದು ಆಗ್ರಿನ್ ಎಂಬ ಪ್ರೋಟೀನ್ ಎಂದು ಆಮೇಲೆ ತಿಳಿಯಿತು.

ನರ ಆಗ್ರಿನ್ ಬಿಡುತ್ತದೆ. ಸ್ನಾಯುವಿನ ಪೊರೆಯಲ್ಲಿ ಎಲ್‌ಆರ್‌ಪಿ4 ಅದನ್ನು ಹಿಡಿದು ಮಸ್ಕ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಒಳಗಿನಿಂದ ಡಾಕ್-7 ಕೈಜೋಡಿಸುತ್ತದೆ. ರಾಪ್ಸಿನ್ ರಿಸೆಪ್ಟರುಗಳನ್ನು ಒಟ್ಟಿಗೆ ಹಿಡಿದು ಕೂರಿಸುತ್ತದೆ. ಆಗ್ರಿನ್ ಅಥವಾ ಮಸ್ಕ್ ಇಲ್ಲದೆ ಹುಟ್ಟಿದ ಇಲಿಮರಿಗಳು ಉಸಿರೆಳೆಯಲಾಗದೆ ಸತ್ತವು ಎಂದು 1996ರಲ್ಲಿ ವರದಿಯಾಯಿತು. ಹುಟ್ಟಿದ ಮೇಲೂ ಈ ಮಾತುಕತೆ ನಿಲ್ಲುವುದಿಲ್ಲ. ಸಂದು ಉಳಿಯಬೇಕೆಂದರೆ ಅದು ನಡೆಯುತ್ತಲೇ ಇರಬೇಕು.

ಇದು ಬರೀ ಇಲಿಗಳ ಕಥೆಯಲ್ಲ. ಮಯಾಸ್ತೇನಿಯಾ ಇದ್ದ ಕೆಲವರಲ್ಲಿ ರಿಸೆಪ್ಟರಿನ ಪ್ರತಿಕಾಯ ಸಿಗುವುದೇ ಇಲ್ಲ. ಅಂಥವರಲ್ಲಿ ಕೆಲವರಿಗೆ ಮಸ್ಕ್ ವಿರುದ್ಧ ಪ್ರತಿಕಾಯ ಇರುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಅವರಿಗೆ ಪಿರಿಡೊಸ್ಟಿಗ್ಮಿನ್ ಅಷ್ಟಾಗಿ ಒಗ್ಗುವುದಿಲ್ಲ. ಡಾಕ್-7ರ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ಆ ಮಾತ್ರೆ ಕೊಟ್ಟರೆ ಇನ್ನೂ ಸೋಲುವುದುಂಟು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅವರಿಗೆ ಬಲ ತರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲರದೂ ಒಂದೇ ನಿಶ್ಶಕ್ತಿ, ಒಂದೇ ಜಾರುವ ರೆಪ್ಪೆ. ಮದ್ದು ತೀರ್ಮಾನವಾಗುವುದು ಯಾವ ಪ್ರೋಟೀನ್ ಕೆಟ್ಟಿದೆ ಎನ್ನುವುದರ ಮೇಲೆ. ಪ್ರತಿಕಾಯದ ರಕ್ತಪರೀಕ್ಷೆ, ಬೇಕಾದಾಗ ಜೀನ್ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ಸುಮ್ನೆ ಖರ್ಚು ಎಂದು ಬಿಡಬೇಡಿ ಎನ್ನುವುದು ಇದಕ್ಕೇ.

ಅತ್ತೆಯದು ರಿಸೆಪ್ಟರಿನ ಪ್ರತಿಕಾಯವೇ ಆಗಿತ್ತು. ಪಿರಿಡೊಸ್ಟಿಗ್ಮಿನ್ ಜೊತೆಗೆ ಪ್ರತಿಕಾಯ ತಗ್ಗಿಸುವ ಮಾತ್ರೆಗಳನ್ನೂ ಶುರು ಮಾಡಿದರು. ಈಗ ಅವರ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ. ಕಾಯಿಲೆಯ ಹೆಸರು, ತೆಗೆದುಕೊಳ್ಳುವ ಮಾತ್ರೆಗಳು, ಕೇಳದೆ ಕೊಡಬಾರದ ಔಷಧಿಗಳು. ಜೆಂಟಮೈಸಿನ್ ಬಗೆಯ ಮತ್ತು ಸಿಪ್ರೊಫ್ಲಾಕ್ಸಸಿನ್ ಬಗೆಯ ಆ್ಯಂಟಿಬಯೋಟಿಕ್‌ಗಳು ಅದರಲ್ಲಿವೆ. ಮೆಗ್ನೀಸಿಯಂ ಇಂಜೆಕ್ಷನ್ ಕೂಡ ಇದೆ. ಅದು ಕ್ಯಾಲ್ಸಿಯಂ ತೂಬಿನ ದಾರಿಗೆ ಅಡ್ಡ ಬರುತ್ತದೆ ಎಂದು ನಾನು ಹೇಳಿದಾಗ ಅತ್ತೆ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ರಾತ್ರಿ ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ನುಂಗುತ್ತಾರೆ. ಕಳೆದ ಗೌರಿ ಹಬ್ಬಕ್ಕೆ ಹೋದಾಗ ಗದ್ದಕ್ಕೆ ಕೈ ಕೊಡದೆ ಎರಡು ಚಕ್ಕುಲಿ ತಿಂದರು. ಮೂರನೆಯದನ್ನು ತಟ್ಟೆಯಲ್ಲಿ ಇಟ್ಟು, "ಇದು ಸ್ವಲ್ಪ ಹೊತ್ತು ಬಿಟ್ಟು ತಿಂತೀನಿ ಕಣೋ, ಚೀಲ ತುಂಬ್ಲಿ" ಅಂದರು.